ಕಾರಿನ ಮೈಲೇಜ್ ಸರಿ, ಹಡಗಿನ ಎಣ್ಣೆ?

ಮೈಲೇಜ್ ಜಾಸ್ತಿ ಕೊಡುವ ಕಾರು ಕೊಂಡರೆ ತೈಲ ಸಾಗಣೆ ಕಡಿಮೆಯಾಗಿ ಸಮುದ್ರಕ್ಕೆ ಎಣ್ಣೆ ಸೋರುವುದು ತಪ್ಪುತ್ತದೆ ಎಂದು ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. 2006ರ ಮೇ 30ರಂದು ನಮ್ಮ ಕಾರವಾರದ ಆಯ್ಸ್ಟರ್ ರಾಕ್ ದ್ವೀಪದ ಬಳಿ ಬಂಡೆಗೆ ಸಿಕ್ಕಿಕೊಂಡ 'ಓಷನ್ ಸೆರಾಯಾ' ತೈಲ ಸಾಗಿಸುವ ಹಡಗೇ ಅಲ್ಲ, ಸರಕು ಹಡಗು. ಸೋರಿದ್ದು ಅದರ ಇಂಜಿನ್ನಿಗೆಂದು ತುಂಬಿದ್ದ ಎಣ್ಣೆ. ಗೋವಾ ದಂಡೆಗೂ ಹೋಯಿತು. ಡಾಂಬರಿನಷ್ಟು ದಪ್ಪ ಅದು, ಪೆಟ್ರೋಲಿನ ಹಾಗೆ ಆರಿಹೋಗುವುದಿಲ್ಲ. ಮಳೆಗಾಲದ ಹೊತ್ತಿಗೆ ದಂಡೆಯಲ್ಲಿ ನಡೆದರೆ ಕೆಲವೊಮ್ಮೆ ಅಂಗಾಲಿಗೆ ಅಂಥದೇ ಕಪ್ಪು ಉಂಡೆ ಅಂಟುತ್ತದೆ. ಸೋಪಿಗೆ ಜಪ್ಪಯ್ಯ ಎಂದರೂ ಹೋಗದು, ತೆಂಗಿನೆಣ್ಣೆಯೇ ಬೇಕು.

ಹಾಗಂತ ಕಾರಿನ ಮಾತು ಸುಮ್ನೆ ಅಲ್ಲ. ಆದರೆ ಎಣ್ಣೆ ಉಳಿಸಲು ಇನ್ನೊಂದು ದಾರಿಯಿದೆ: ಕೊಂಕಣ ರೈಲು ಮಾರ್ಗ 2022ರಲ್ಲೇ ಪೂರ್ತಿ ವಿದ್ಯುದೀಕರಣವಾಗಿದೆ. ಅಂಕೋಲಾ, ಕುಮಟಾಕ್ಕೆ ಒಬ್ಬರೇ ಕಾರಲ್ಲಿ ಹೋಗುವ ಬದಲು ರೈಲು ಹತ್ತಬಹುದು ಅಲ್ವಾ? ಶಿರವಾಡದಲ್ಲಿರುವ ಕಾರವಾರದ ರೈಲು ಸ್ಟೇಷನ್ನಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಬಿಡಲಿ ಮೊದಲು.