ಹತ್ತಕ್ಕೆ ಆರು

ಬೆಳಗಿನ 5:40. ಹಾಲಿನವನೂ ಬಂದಿರಲ್ಲ. ದಿಂಬಿನ ಕೆಳಗೆ ಫೋನು ಗುರ್ ಅನ್ನುತ್ತೆ. ಕಣ್ಣುಜ್ಜಿಕೊಂಡು ನೋಡಿದರೆ ಹಾಸನದಿಂದ ನಮ್ಮ ಮಾವನವರು: "ಇಂದಿನ ಪದ: ಜೋಳವಾಳಿ. ಸ್ವಂತ ವಾಕ್ಯದಲ್ಲಿ ಬಳಸಿ. ರಾತ್ರಿ 8ರೊಳಗೆ."

ನನಗೀಗ ನಲವತ್ತಾರು. ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಸ್ವಂತ ವಾಕ್ಯಕ್ಕೂ ನನಗೂ ಋಣ ಹರಿಯಿತು ಅಂದುಕೊಂಡಿದ್ದೆ. ಆದರೆ ಮಾವ ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವರು. ನಿವೃತ್ತಿಯಾದದ್ದು ಅವರ ಸಂಬಳ, ಅವರಲ್ಲ.

ಇದು ಶುರುವಾದದ್ದು 2025ರ ನವೆಂಬರ್ 1ಕ್ಕೆ. ರಾಜ್ಯೋತ್ಸವದ ತಿಂಗಳು, ಮೂವತ್ತು ದಿನ ತಾನೇ, ತಡೆದುಕೊಳ್ಳೋಣ ಎಂದು ಮನೆಮಂದಿಯೆಲ್ಲ ಒಪ್ಪಿದೆವು. ಮೊದಲ ವಾರ ಯಾವ ಪದ ಬಂದರೂ ರಾಮ, ಸೀತೆ, ಹಸು ಇವರ ಮೇಲೆ ಹೇರಿ ಕೈತೊಳೆದುಕೊಂಡೆವು. ಮಾವನಿಗೆ ಅದು ಗೊತ್ತಾಗಿ ಹೊಸ ನಿಯಮ ತಂದರು: ವಾಕ್ಯ ಇತ್ತೀಚಿನ ರಾಜಕೀಯದ ಬಗ್ಗೆಯೇ ಇರಬೇಕು. ಪಕ್ಷದ ಹೆಸರು, ಮನುಷ್ಯರ ಹೆಸರು ಬರಕೂಡದು. "ಪೇಪರ್ ಓದಿದ ಹಾಗೂ ಆಗುತ್ತೆ, ಜಗಳವೂ ಆಗಲ್ಲ." ನವೆಂಬರ್ ಮುಗಿದು ಡಿಸೆಂಬರ್ ಬಂತು. ನಾವು ಬರೀ ನವೆಂಬರ್ ಕನ್ನಡಿಗರಾಗುವುದಕ್ಕೆ ಮಾವ ಬಿಡಲಿಲ್ಲ.

ಅವರು ತಿದ್ದುವ ಕ್ರಮವನ್ನು ಹೇಳಲೇಬೇಕು. ನಾವು ಟೈಪ್ ಮಾಡಿ ಕಳಿಸಿದ ವಾಕ್ಯವನ್ನು ಅವರು ರೂಲ್ ಹಾಕಿದ ಹಾಳೆಯ ಮೇಲೆ ನೀಲಿ ಪೆನ್ನಿನಲ್ಲಿ ನಕಲು ಮಾಡುತ್ತಾರೆ. ಆಮೇಲೆ ಕೆಂಪು ಪೆನ್ನು ತೆಗೆದು, ತಾವೇ ಬರೆದ ಹಾಳೆಯನ್ನು ತಾವೇ ತಿದ್ದುತ್ತಾರೆ. ಅದರ ಫೋಟೋ ಹೊಡೆದು ಗ್ರೂಪಿಗೆ ಹಾಕುತ್ತಾರೆ. ಫೋಟೋದ ಎಡಮೂಲೆಯಲ್ಲಿ ಅವರ ಹೆಬ್ಬೆರಳು ಖಾಯಂ. ಅಂಕ ಹತ್ತಕ್ಕೆ ಆರು. ಆರರ ಮೇಲೆ ಯಾರಿಗೂ ಕೊಟ್ಟಿಲ್ಲ.

ಜೋಳವಾಳಿ ಅಂದರೆ ರೊಟ್ಟಿ ಅಂಗಡಿಯ ಹೆಸರು ಅಂದುಕೊಂಡೆ. ಅಲ್ಲವಂತೆ. ಯಾರ ಮನೆಯ ಜೋಳ ತಿಂದೆಯೋ ಅವರಿಗೆ ನಡೆದುಕೊಳ್ಳಬೇಕಾದ ನಿಷ್ಠೆ, ಅನ್ನದ ಋಣ. 'ಜೋಳ'ದ ಪಕ್ಕ 'ಪಾಳಿ' ನಿಂತು, ಪ ಹೋಗಿ ವ ಬಂದಿದೆ, ಆದೇಶ ಸಂಧಿ. ಇದರ ಅಣ್ಣನಂಥ ಪದ ವೇಳೆವಾಳಿ: ಒಡೆಯ ಸತ್ತರೆ ತಾನೂ ಸಾಯುತ್ತೇನೆಂಬ ಮಾತು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಕ್ಕದ ಗರುಡಗಂಬ ಅಂಥದ್ದೇ ಮಾತಿಗೆ ನಿಂತದ್ದು. ಹೊಯ್ಸಳ ದೊರೆ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ ತನ್ನ ಹೆಂಡತಿ, ಬಂಟರ ಸಮೇತ ಪ್ರಾಣ ಕೊಟ್ಟ. ಕತ್ತಿ ಹಿಡಿದು ತಮ್ಮ ತಲೆ ತಾವೇ ಕೊಯ್ದುಕೊಳ್ಳುವವರ ಶಿಲ್ಪಗಳು ಆ ಕಂಬದ ಮೇಲಿವೆ. ಮಾವ ಪ್ರತಿ ವರ್ಷ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಹೆದರಿಸುತ್ತಿದ್ದರು. ಆಗ ಕಾನೂನಿಲ್ಲದೆ ತಲೆ ಕೊಡುತ್ತಿದ್ದರು. 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ರಾಜೀನಾಮೆ ಕೊಡುತ್ತಾರೆ.

ನನ್ನ ಗಂಡ ಬಸ್ಸಿನಲ್ಲೇ ಬರೆದು ಮುಗಿಸಿದ: "ನವೆಂಬರ್ 29ರಂದು ಮುಖ್ಯಮಂತ್ರಿ ಮನೆಯಲ್ಲಿ ಇಡ್ಲಿ ತಿಂದ ಉಪಮುಖ್ಯಮಂತ್ರಿ, ಡಿಸೆಂಬರ್ 2ಕ್ಕೆ ನಾಟಿಕೋಳಿ ಬಡಿಸಿ ಜೋಳವಾಳಿ ತೀರಿಸಿದರು." ಕೆಂಪು ಶಾಯಿ: "ಇಡ್ಲಿ ಅಕ್ಕಿಯದು. ಜೋಳವಾಳಿ ಅನ್ವಯಿಸದು. 5/10."

ಒಂಬತ್ತನೇ ಕ್ಲಾಸಿನ ಮಗ ಪದವನ್ನು ಬಿಟ್ಟು ಸಂಧಿಯನ್ನು ಹಿಡಿದುಕೊಂಡ. "ತಾತ, ಪಕ್ಷಕ್ಕೆ ಬಂದವರು ಆಗಮ, ಬಿಟ್ಟುಹೋದವರು ಲೋಪ, ಡೆಲ್ಲಿಯಿಂದ ಬರೋದು ಆದೇಶ. ಎಲ್ಲ ಸೇರಿದ್ರೆ ಮೈತ್ರಿ ಸಂಧಿ." ತಾತ ನಗುವ ಬೊಂಬೆಯೊಂದನ್ನು ಕಳಿಸಿದರು. ಅಂಕ ಮಾತ್ರ ಆರೇ.

ನಾನು ಆಫೀಸಿನಲ್ಲಿ, ಮೀಟಿಂಗಿನ ಮಧ್ಯೆ, ಮೇಜಿನ ಕೆಳಗೆ ಫೋನಿಟ್ಟು ಬರೆದೆ: "ಟಿಕೆಟ್ ಕೊಟ್ಟ ಮನೆಯ ಜೋಳ ತಿಂದು, ಮುಂಬೈ ಹೋಟೆಲಿನಲ್ಲಿ ಉಂಡು, ಬಿಲ್ ಕಟ್ಟಿದವರಿಗೆ ಜೋಳವಾಳಿ ಸಲ್ಲಿಸಿದವರಲ್ಲಿ ಎಷ್ಟೋ ಜನರನ್ನು ನಾವೇ ಮತ್ತೆ ಗೆಲ್ಲಿಸಿದೆವು." ಯಾರ ಹೆಸರೂ ಇಲ್ಲ. ನಿಯಮದ ಪ್ರಕಾರವೇ ಇದೆ.

ಶಿವಮೊಗ್ಗದಿಂದ ನಾದಿನಿಯ ಗಂಡ ಎದ್ದರು. "ಇದು ನಮ್ಮವರಿಗೆ ಹೇಳಿದ್ದು." ಮೈಸೂರಿನ ಮೈದುನ ಕಾಯುತ್ತಿದ್ದವನ ಹಾಗೆ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ" ಅಂದ. ಅವರು 2018ರಲ್ಲಿ ಶಾಸಕರನ್ನು ಕೂಡಿಟ್ಟ ಬಿಡದಿ ರೆಸಾರ್ಟ್ ತೆಗೆದರು. ಇವನು ಸರ್ಕಾರ ಬಿದ್ದ 2019ರ ಜುಲೈ 23ರ ವಿಶ್ವಾಸಮತದ 99, 105 ಲೆಕ್ಕ ಒಪ್ಪಿಸಿದ. ನಿಮ್ಮ ಪಕ್ಷ, ನಿಮ್ಮಪ್ಪನ ಪಕ್ಷ, ಎಲ್ಲ ಬಂತು. ನಾದಿನಿ ನನಗೆ ಬೇರೆ ಮೆಸೇಜು ಹಾಕಿದಳು: "ಅತ್ತಿಗೆ, ಹಸುವಿನ ಮೇಲೆ ಬರೆಯೋಕೆ ನಿಮಗೇನಾಗಿತ್ತು?"

ಆಗ ಹೆಬ್ಬೆರಳಿನ ಸಮೇತ ಹಾಳೆ ಬಂತು. ಇಬ್ಬರ ಬೈಗುಳವನ್ನೂ ನೀಲಿಯಲ್ಲಿ ಚೊಕ್ಕವಾಗಿ ನಕಲು ಮಾಡಿದ್ದಾರೆ. "'ಬ್ರಷ್ಟ' ತಪ್ಪು. ಬಕಾರದ ಹೊಟ್ಟೆ ಸೀಳಿ." ಅಳಿಯನಿಗೆ: "'ದೋರಣೆ' ಅಲ್ಲ, 'ಧೋರಣೆ'." ಕೆಳಗೆ: "'ನಾಚಿಕೆಯಾಗಬೇಕು ನಿಮ್ಮ ನಾಯಕರಿಗೆ' — ವಾಕ್ಯರಚನೆ ಸರಿಯಿದೆ. ಆದರೆ ಇಂದಿನ ಪದ ಬಂದಿಲ್ಲ. 0/10."

ಸೊನ್ನೆ ತಿಂದ ಅಳಿಯಂದಿರು ಸುಮ್ಮನಿರುತ್ತಾರೆಯೇ? "2018ರಲ್ಲಿ ನಿಮ್ಮ ಜೋಳವಾಳಿ ಎಲ್ಲಿ ಮಲಗಿತ್ತು?" 6/10. ಮೈದುನ: "ನಿಮ್ಮದು ಜೋಳವಾಳಿಯಲ್ಲ, ಗಾಳಿ ಬಂದ ಕಡೆ ವಾಳಿ." "'ಗಾಳಿವಾಳಿ' ಎಂಬ ಪದವಿಲ್ಲ. ಆದರೂ ಪ್ರಯತ್ನ ಮೆಚ್ಚತಕ್ಕದ್ದು. 6/10." ಒಂಬತ್ತೂವರೆಯ ಹೊತ್ತಿಗೆ ಜಗಳದ ಬಿಸಿ ಆರಿಹೋಗಿತ್ತು. ಬೈಯುವ ಮುಂಚೆ ಮಹಾಪ್ರಾಣ ಸರಿಯಿದೆಯೇ ಎಂದು ನೋಡಬೇಕಾದರೆ ಮನುಷ್ಯನಿಗೆ ಎಷ್ಟು ಹೊತ್ತು ಸಿಟ್ಟಿರುತ್ತದೆ? ಶಿವಮೊಗ್ಗದವರು ಟೈಪ್ ಮಾಡುತ್ತಿದ್ದಾರೆ, ಟೈಪ್ ಮಾಡುತ್ತಿದ್ದಾರೆ ಎಂದು ಹನ್ನೆರಡು ನಿಮಿಷ ತೋರಿಸಿತು. ಕೊನೆಗೆ ಬಂದದ್ದು: "ಧನ್ಯವಾದ." ಧಕಾರಕ್ಕೆ ಹೊಟ್ಟೆ ಸೀಳಿತ್ತು.

ಹತ್ತು ಗಂಟೆಗೆ ಮಾವ ಮಾದರಿ ವಾಕ್ಯ ಹಾಕುವುದು ವಾಡಿಕೆ. ಅವತ್ತು ಹತ್ತೂಕಾಲಾಯಿತು. ನೀಲಿ ಶಾಯಿ, ಗುಂಡಗಿನ ಅಕ್ಷರ:

"ನಾನು ವಾರಾನ್ನ ಉಂಡು ಓದಿದವನು, ನನ್ನ ಮೇಲೆ ಏಳು ಮನೆಗಳ ಜೋಳವಾಳಿ ಇದೆ, ಶುಕ್ರವಾರದ ಮನೆಯವರು ಈಗ ಎಲ್ಲಿದ್ದಾರೋ ತಿಳಿಯದು."

ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು, ಇದನ್ನು ಕೇಳಿಯೇ ಇರಲಿಲ್ಲ. ಗಂಡನ ಭುಜ ಅಲ್ಲಾಡಿಸಿದೆ. "ಹ್ಞೂಂ, ಬುಧವಾರದ ಮನೆಯ ಅಜ್ಜಿ ಇರೋವರೆಗೂ ಯುಗಾದಿಗೆ ಬೆಲ್ಲ ಕೊಟ್ಟು ಬರ್ತಿದ್ರು" ಎಂದು ಮಗ್ಗುಲಾದ. ಶುಕ್ರವಾರ ಏನು ಅಡುಗೆ ಇರುತ್ತಿತ್ತೋ. ಗ್ರೂಪಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಜಗಳವಾಡಿದವರಿಬ್ಬರ ಹೆಸರಿನ ಮುಂದೂ ನೀಲಿ ಟಿಕ್ಕು ಬಿದ್ದಿತ್ತು, ಅಷ್ಟೇ.

ಮಗ ತನ್ನ ರೂಮಿನಲ್ಲಿ ಏನೋ ಪರಪರ ಮಾಡುತ್ತಿದ್ದ. ಬೇಡ ಕಣೋ ಅನ್ನುವಷ್ಟರಲ್ಲಿ ಕಳಿಸಿಯಾಗಿತ್ತು. ರೂಲ್ ಹಾಕಿದ ಹಾಳೆ, ಕೆಂಪು ಸ್ಕೆಚ್ ಪೆನ್ನು, ಮೂಲೆಯಲ್ಲಿ ಅವನ ಹೆಬ್ಬೆರಳು: "ತಾತ, ವಾಕ್ಯದಲ್ಲಿ ರಾಜಕೀಯ ಬಂದಿಲ್ಲ. ನಿಯಮ ಮುರಿದಿದ್ದೀರಿ. 6/10."

ಎರಡು ನಿಮಿಷ ಬಿಟ್ಟು ಹಾಸನದಿಂದ ಉತ್ತರ ಬಂತು: "ಮೌಲ್ಯಮಾಪನ ಸರಿಯಾಗಿದೆ. ನಾಳೆ ಮರುಪರೀಕ್ಷೆಗೆ ಕೂರುತ್ತೇನೆ."