ಆ ಫೋಟೋ ತಗೀರಿ ಅಂದೀನಿ, ಇನ್ನೂ ತಗದಿಲ್ಲ

ಅಲ್ರೀ ಟೂರ್‌ನವ್ರ, ಯಾರನ್ನ ಕೇಳಿ ಹಾಕಿದ್ರಿ ಅದನ್ನ? ಇಂಡೋನೇಷ್ಯಾದ ಬೋಟ್ ಟೂರ್‌ನಾಗ ಬನಿಯನ್ ಮ್ಯಾಲ, ಬಾಯಿ ತಕ್ಕೊಂಡು, ತಲಿಗೆ ನಮ್ಮಾಕಿ ವೇಲ್ ಸುತ್ಕೊಂಡು ಮಕ್ಕೊಂಡ ಮನಷ್ಯಾನ ಫೋಟೋ ಹೊಡದು, ಅದರ ಮ್ಯಾಲ "ನಕ್ಷತ್ರಗಳ ಕೆಳಗೆ ನಿದ್ರಿಸುವ ಭಾಗ್ಯ, ಮುಂದಿನ ಬ್ಯಾಚ್‌ಗೆ ಕೆಲವೇ ಸೀಟು" ಅಂತ ಬರದು ಊರ ತುಂಬ ಹಂಚ್ಯಾರ. ಮುಂಜಾನೆ ಗದಗಿಂದ ನಮ್ಮ ಅಳಿಯಾ ಫೋನ್ ಮಾಡಿ "ಮಾವಾ, ಇನ್‌ಸ್ಟಾದಾಗ ಬಂದೀಯಲ್ಲೋ" ಅಂತ ಬಿದ್ದಬಿದ್ದ ನಗತಾನ. ಈ ಟೂರ್ ಗ್ರೂಪ್‌ನಾಗ ತಗೀರಿ ಅಂತ ಹಾಕಿದೆ, ಎಲ್ಲಾರೂ ನೋಡ್ಯಾರ, ಬ್ಲೂ ಟಿಕ್ ಬಿದ್ದೈತಿ, ಒಬ್ಬಾವ ಥಂಬ್ಸ್ ಅಪ್ ಒತ್ಯಾನ. ಯಾವುದಕ್ಕ ಒತ್ತಿದಿಯಪ್ಪಾ ಅದನ್ನ? ತಗೀರಿ ಅಂದದ್ದಕ್ಕೋ, ಫೋಟೋಕ್ಕೋ?

ಮತ್ತ ಯಾವ ನಕ್ಷತ್ರ? ನಾ ಮಕ್ಕೊಂಡಿದ್ದು ಬೋಟಿನ ಡೆಕ್, ಅಂದ್ರ ಮ್ಯಾಲಿನ ಅಟ್ಟ, ಅಲ್ಲಿ ತಲಿ ಮ್ಯಾಲ ಪ್ಲೈವುಡ್ ಇತ್ತು. ಎದ್ದು ಕುಂತ್ರ ತಲಿ ಬಡೀತಿತ್ತು, ಅಂಬೆಗಾಲಿಟ್ಟು ಹೋಗಿ ನಮ್ಮ ನಮ್ಮ ಗಾದಿ ಹುಡುಕಬೇಕಿತ್ತು. ಫೋಟೋದಾಗ ಆ ಪ್ಲೈವುಡ್ ಅಳಿಸಿ ಚುಕ್ಕಿ ಹಚ್ಯಾರ, ಒಂದ್ ಮೂಲ್ಯಾಗ ಚಂದ್ರ ಸೈತ! ನನ್ನ ಬನಿಯನ್ ತೂತ ಮಾತ್ರ ಹಂಗ ಬಿಟ್ಟಾರ. ಅದನ್ನ ಅಳಸಾಕ ಆಗಲಿಲ್ಲೇನ್ರಿ ನಿಮ್ಮ ಆ್ಯಪಿಗೆ?

ನಾವು ಕ್ಯಾಬಿನ್‌ಗೆ, ಅಂದ್ರ ಬೋಟಿನಾಗಿನ ಖೋಲಿಗೆ, ರೊಕ್ಕ ಕೊಟ್ಟಿದ್ವಿ. ಇದೊಂದು ಎಲ್ಲಾರೂ ತಲ್ಯಾಗ ಇಟ್ಕೋರಿ, ಉಳದದ್ದು ಆಮ್ಯಾಲೆ. ರಸೀದಿ ಐತಿ, ಅದರಾಗ ಕ್ಯಾಬಿನ್ ಅಂತ ಬರದೈತಿ, ಫ್ಯಾನ್ ಸಹಿತ ಅಂತನೂ ಬರದೈತಿ.

ಈಗ ಬೋಟ್ ಹತ್ತೋ ಜೆಟ್ಟಿ ವಿಷಯ. ನನಗ ಇವತ್ತಿಗೂ ಊಟ ಮಾಡುಮುಂದ ನೆನಪಾಗಿ ತುತ್ತು ಗಂಟಲದಾಗ ನಿಂದ್ರತೈತಿ. ಲಾಂಬೋಕ್ ದ್ವೀಪದ ಬಂದರ, ಬಿಸಲು ಅಂದ್ರ ಬಿಸಲು, ಅಲ್ಲಿ ಗಡಿಯಾರ ನಮ್ಮಕಿಂತ ಎರಡೂವರಿ ತಾಸು ಮುಂದ, ನಿದ್ದಿ ಇಲ್ಲ, ನಮ್ಮಾಕಿ ಕೈಯಾಗ ಖಡಕ್ ರೊಟ್ಟಿ ಡಬ್ಬಿ. ಆ ಟೂರ್ ಮ್ಯಾನೇಜರ್ ಹುಡುಗ, ಇನ್ನೂ ಮೀಸಿ ಸರಿಯಾಗಿ ಮೂಡಿಲ್ಲ ಅಂವಗ, ಒಂದು ಲಿಸ್ಟ್ ಹಿಡಕೊಂಡು ಸಾಲಿಯಾಗ ಹಾಜರಿ ತಗೊಂಡಂಗ ಒಬ್ಬೊಬ್ಬರ ಹೆಸರು ಕೂಗಿ ಕೀಲಿ ಕೊಡಾಕತ್ತ. ಕಟಗಿ ಬಿಲ್ಲಿ ಹಚ್ಚಿದ ಕೀಲಿ, ಅದರ ಮ್ಯಾಲ ನಂಬರ್. ಬ್ಯಾಂಕಿನ ಸರ್‌ಗೆ ಒಂದು, ಹಾವೇರಿ ಡಾಕ್ಟರ್ ಜೋಡಿಗೆ ಒಂದು, ಮೆಣಸಿನಕಾಯಿ ವ್ಯಾಪಾರದವ್ರಿಗೆ ಎರಡು. ನಾ ಕೈ ಮುಂದ ಮಾಡಿ ನಿಂತೀನಿ. ಖರೇ ಹೇಳತೀನಿ, ಕೈ ಮುಂದ ಮಾಡಿದ್ದೆ. ಅಂವ ನನ್ನ ಕೈ ನೋಡಿದ, ಲಿಸ್ಟ್ ನೋಡಿದ, ಲಿಸ್ಟ್ ಮಡಚಿ ಕಿಸೆದಾಗ ಇಟ್ಟ. ಆಮ್ಯಾಲೆ ಕೂಗಿದ, "ಉಳಿದಾವ್ರು ಡೆಕ್ ಪಾರ್ಟಿ, ಈ ಕಡೆ ಬರ್ರಿ."

ಉಳಿದಾವ್ರು ಅಂದ್ರ ನಾವಿಬ್ರ.

ನಾ ಮೊಬೈಲ್ ತಗದು ರಸೀದಿ ತೋರಿಸಿದೆ. ಅಂವ ನೋಡಲೇ ಇಲ್ರಿ. ಎಲ್ಲಾರಿಗೂ ಕೇಳುವಂಗ "ಸರ್, ನಿಮ್ಮ ರೇಟಿಗೆ ಇದ ಬರೂದು" ಅಂದ. ನಿಮ್ಮ ರೇಟಿಗೆ! ಮೆಣಸಿನಕಾಯಿಯವ್ರ ಮನಿಯಾಕಿ ಮಖ ಆಕಡೆ ಹೊಳ್ಳಿಸಿ ನಕ್ರು, ನಾ ನೋಡೀನಿ. ಬ್ಯಾಂಕಿನ ಸರ್ ತಮ್ಮ ಕೀಲಿ ಕಿಸೆದಾಗ ಹಾಕ್ಕೊಂಡು ಸಮುದ್ರ ನೋಡಾಕತ್ರು, ಅವತ್ತ ಮೊದಲ ಸಲ ಸಮುದ್ರ ಕಂಡಂಗ. ನಮ್ಮಾಕಿ ನನ್ನ ನೋಡಿದ್ಲು. ನಾ ಏನಂದೆ ಗೊತ್ತೇನ್ರಿ? ಇಲ್ಲೆ ಮಾರ್ಕೆಟ್‌ನಾಗ ಪಾವ್ ಕೆಜಿ ಬದನಿಕಾಯಿಗೆ ಜಗಳ ತಗಿಯೋ ನಾನು, "ಹೌದ್ರಾ, ಆತ್ ಬಿಡ್ರಿ" ಅಂದೆ. ಅಷ್ಟೊತ್ತಿಗೆ ಬೋಟಿನ ಒಬ್ಬ ಹುಡುಗ, ಪಾಪ ಅಂವಗ ನಮ್ಮ ಮಾತು ಒಂದೂ ತಿಳಿಯಂಗಿಲ್ಲ, ನಗನಗತಾ ನಮ್ಮ ಬ್ಯಾಗ್ ಎತ್ತಿ ಮ್ಯಾಲಿನ ಡೆಕ್‌ಗೆ ಒಗದ. ಒಗದದ್ದು ನೋಡಿ ಎಲ್ಲಾರೂ ನಕ್ರು. ಸುಳ್ಳ ಯಾಕ ಹೇಳಲಿ, ನಾನೂ ನಕ್ಕೆ. ಆ ನಗು ಇನ್ನೂ ಚುಚ್ಚತೈತಿ.

ಅಲ್ಲಿಂದ ಊರು ಮುಟ್ಟೂ ತನಕ ನಮ್ಮ ಹೆಸರು ಡೆಕ್ ಪಾರ್ಟಿ. "ಡೆಕ್ ಪಾರ್ಟಿ ಚಹಾ ಕುಡದ್ರೇನು", "ಡೆಕ್ ಪಾರ್ಟಿ ಲೈಫ್ ಜಾಕೆಟ್ ಹಾಕ್ಕೋರಿ".

ಜಾಗ ಕೆಟ್ಟಿತ್ತು ಅಂತ ನಾ ಎಲ್ಲೂ ಅಂದಿಲ್ಲ ಮತ್ತ. ಲಾಂಬೋಕ್‌ನಿಂದ ಫ್ಲೋರೆಸ್ ದ್ವೀಪದ ಲಾಬುವಾನ್ ಬಾಜೋ ಊರ ತನಕ, ನಾಕ್ ದಿನ ಮೂರು ರಾತ್ರಿ ಪ್ಯಾಕೇಜ್, ದಾರ್ಯಾಗ ಮೋಯೋ ದ್ವೀಪದ ಜಲಪಾತ, ಆಮ್ಯಾಲೆ ಸಾತೋಂಡಾ ದ್ವೀಪ. ಆ ಸಾತೋಂಡಾದಾಗ ಜ್ವಾಲಾಮುಖಿ ಬಾಯಾಗ ಒಂದು ಕೆರಿ ಐತಿ, ನೀರು ಉಪ್ಪು. ಎದುರಿಗೆ ಸುಂಬಾವಾ ದ್ವೀಪದ ಮ್ಯಾಲ ತಂಬೋರಾ ಗುಡ್ಡ, 1815ರಾಗ ಸಿಡದದ್ದು, ಅದರ ಬೂದಿಯಿಂದ ಮರು ವರ್ಷ ಯುರೋಪಿನಾಗ ಬ್ಯಾಸಗಿನ ಬರಲಿಲ್ಲಂತ. ಕೆರಿ ದಂಡಿ ಗಿಡಕ್ಕ ಮಂದಿ ಹವಳದ ಕಲ್ಲು ದಾರದಾಗ ಕಟ್ಟಿ ಹರಕಿ ಹೊತ್ಕೋತಾರ. ನಮ್ಮಾಕಿನೂ ಕಟ್ಟಿದ್ಲು. ಏನ್ ಬೇಡ್ಕೊಂಡಿ ಅಂದ್ರ "ಕ್ಯಾಬಿನ್" ಅಂದ್ಲು. ಆಗ ನಕ್ಕಿದ್ವಿ.

ಆ ರಾತ್ರಿ ನಗು ಹೋತು. ಸುಂಬಾವಾ ದಂಡಿಗುಂಟ ಕೊಮೊಡೊ ದ್ವೀಪದ ಕಡೆ ರಾತ್ರಿಯೆಲ್ಲಾ ಬೋಟ್ ಓಡಿಸ್ತಾರ. ಅಲೆ ಬಂದಂಗೆಲ್ಲಾ ಗಾದಿ ಸರದು ನಾ ಆ ಕಡೆ, ಮತ್ತ ಸರದು ಈ ಕಡೆ, ತಾಡಪತ್ರಿ ಸಂದಿನಾಗಿಂದ ಉಪ್ಪುನೀರು ಮಖಕ್ಕ ಬಡದು, ನಮ್ಮಾಕಿ ಕೈಯಾಗ ಪ್ಲಾಸ್ಟಿಕ್ ಚೀಲ, ನನ್ನ ಕೈಯಾಗ ಆಕಿ ಕೈ. ಹುಬ್ಬಳ್ಳಿ ಉಣಕಲ್ ಕೆರ್ಯಾಗ ಪೆಡಲ್ ಬೋಟ್ ತುಳದು ನೌಕಾಪಡಿಯಾವ್ರಂಗ ಎದಿ ಉಬ್ಬಿಸಿದ ಕುಲ ನಮ್ಮದು. ಇಂಥಾದ್ರಾಗ ನಡುರಾತ್ರಿ ಕ್ಯಾಬಿನ್‌ನವ್ರು ಒಬ್ಬೊಬ್ರ ಮ್ಯಾಲ ಬಂದ್ರು. ಕೆಳಗ ಇಂಜಿನ್ ಶಖೆ, ಡೀಸೆಲ್ ವಾಸನಿ, ಕಿಡಕಿ ತಗಿಯಾಕ ಬರಂಗಿಲ್ಲಂತ. ಬಂದು "ಸ್ವಲ್ಪ ಸರೀರಿ" ಅಂದ್ರು. ಕೀಲಿ ಕೊಳ್ಳಾಗ ಹಾಕ್ಕೊಂಡು ಬಂದು ನನ್ನ ಗಾದಿ ಮ್ಯಾಲ ಮಕ್ಕೊಂಡ್ರು! ಅಂದ್ರ ಡೆಕ್ ಚಲೋನ ಇತ್ತು ಅಂತಾತು. ಹೌದು ಇತ್ತು. ಗಾಳಿ ಇತ್ತು, ಮುಂಜಾನೆ ಎದ್ದ ಕೂಡಲೇ ಕಣ್ಣ ಮುಂದ ದ್ವೀಪ ಇರತಿದ್ವು. ಆದ್ರ ಅದು ಪ್ರಶ್ನೆ ಅಲ್ಲ. ಚಲೋ ಐತೋ ಇಲ್ಲೋ ಅಂತ ಆರಿಸಾಕ ನನ್ನ ಬಿಟ್ರೇನು?

ಊಟದ್ದು ಬಿಡ್ರಿ. ಅನ್ನ, ಕರದ ಟೆಂಪೆ, ಅದು ಸೋಯಾದ್ದು, ನಡೀತೈತಿ. ಚಟ್ನಿ ಅಂತ ಕೊಟ್ಟ ಸಂಬಾಲ್‌ನಾಗ ಸೀಗಡಿ ಹಿಟ್ಟು ಹಾಕತಾರಂತ, ನನಗ ಗೊತ್ತಾಗಿದ್ದು ಪೂರಾ ಬಟ್ಟಲಾ ನೆಕ್ಕಿದ ಮ್ಯಾಲ. ಇದನ್ನ ಮನ್ಯಾಗ ಯಾರೂ ಅವ್ವಗ ಹೇಳಬ್ಯಾಡ್ರಿ.

ಪಾದರ್ ದ್ವೀಪದ ಮ್ಯಾಲ ಹತ್ತಿ ನೋಡಿದ್ರ ಮೂರು ಕಡೆ ಮೂರು ಕೊಲ್ಲಿ, ಒಂದೊಂದರ ಉಸುಕು ಒಂದೊಂದು ಬಣ್ಣ, ಕೆಂಪು ಚಿಪ್ಪಿನ ಸಣ್ಣ ಜೀವಿಗಳ ಪುಡಿ ಬೆರತು ಗುಲಾಬಿ ಆಗೂದಂತ ಒಂದು. ಕೊಮೊಡೊದಾಗ ಆ ದೊಡ್ಡ ಉಡ, ಮೂರು ಮೀಟರ್ ತನಕ ಬೆಳೀತೈತಿ, ಕಡದ್ರ ವಿಷ. ನಾವು ಹೋದಾಗ ಮಕ್ಕೊಂಡಿತ್ತು. ಕವಲು ಕೋಲು ಹಿಡದ ರೇಂಜರ್ ಅಡ್ಡ ನಿಂತು, ದೂರ ನಿಂದ್ರಿ, ಸಪ್ಪಳ ಮಾಡಬ್ಯಾಡ್ರಿ, ನಾ ಹೇಳಿದಲ್ಲಿಂದ ಅಷ್ಟ ಫೋಟೋ ಅಂದ. ನೋಡ್ರಿ, ಉಡ ಮಕ್ಕೊಂಡ್ರ ಅದಕ್ಕ ಒಬ್ಬ ಕಾವಲುಗಾರ. ನಾ ಮಕ್ಕೊಂಡ್ರ ಜಾಹೀರಾತು.

ಏಜೆಂಟ್‌ಗೆ ಫೋನ್ ಮಾಡಿದ್ರ "ಬೋಟ್‌ನವ್ರ ಮಿಸ್ಟೇಕ್ ಸರ್" ಅಂತಾನ. ಬೋಟ್‌ನವ್ರಿಗೆ ಮೆಸೇಜ್ ಮಾಡಿದ್ರ, ನಿಮ್ಮ ಏಜೆಂಟ್ ಬುಕ್ ಮಾಡಿದ್ದ ಡೆಕ್ ಅಂತ ಅವರು. ಹಂಗಾರ ನಡುವಿನ ರೊಕ್ಕ ಎಲ್ಲಿ ಹೋತು, ಫ್ಲೋರೆಸ್ ಸಮುದ್ರದಾಗ ಬಿತ್ತೇನು? ಕೇಳಿದ್ರ "ಎಂಜಾಯ್ ಮಾಡಿದ್ರಲ್ಲ ಸರ್" ಅಂತಾನ. ಹೌದಪ್ಪಾ ಮಾಡಿದ್ವಿ! ಎಂಜಾಯ್ ಮಾಡಿದ್ರ ರಿಫಂಡ್ ಇಲ್ಲ ಅಂತ ಯಾವ ಕಾನೂನಿನಾಗ ಐತಿ?

ಪರಿಚಯದ ವಕೀಲರನ್ನ ಕೇಳೀನಿ. 2019ರ ಗ್ರಾಹಕ ಕಾಯ್ದೆ ಪ್ರಕಾರ ನಾವಿರೋ ಜಿಲ್ಲಾದಾಗ ದೂರು ಕೊಡಬಹುದು, ಎರಡು ವರ್ಷದ ಒಳಗ, ಕೊಟ್ಟ ರೊಕ್ಕ 5 ಲಕ್ಷದ ಒಳಗಿದ್ರ ಶುಲ್ಕನೂ ಇಲ್ಲ. ಧಾರವಾಡಕ್ಕ ಹೋಗಿ ಕೊಟ್ಟ ಬರತೀನಿ. ಅಥವಾ ಬಿಡ್ರಿ, ಯಾರು ಚಿಗರಿ ಬಸ್ ಹತ್ತಿ ತಾರೀಖು ತಾರೀಖಿಗೆ ಅಡ್ಡಾಡಬೇಕು, ನಮ್ಮಾಕಿ ಅಂತೂ "ಹೋದದ್ದು ಹೋತು, ಬರೂ ವರ್ಷ ಅಂಡಮಾನ್‌ಗೆ ಹೋಗೂಣು" ಅನ್ನಾಕತ್ಯಾಳ. ಅಲ್ಲೂ ಬೋಟ್ ಅದಾವಲ್ಲ ಮಾರಾಯ್ತಿ!

ಇಲ್ಲ, ಬಿಡಂಗಿಲ್ಲ. ದೂರು ಕೊಡತೀನಿ. ಅದಕ್ಕ ಸಾಕ್ಷಿ ಬೇಕು. ಬ್ಯಾಂಕಿನ ಸರ್, ನೀವು ಈ ಗ್ರೂಪ್‌ನಾಗ ಅದೀರಿ, ದಿನಾ ಗುಡ್ ಮಾರ್ನಿಂಗ್ ಹೂವು ಹಾಕತೀರಿ. ಅಂವ "ನಿಮ್ಮ ರೇಟಿಗೆ" ಅಂದಾಗ ನೀವು ನನ್ನ ಮಗ್ಗಲಕ್ಕ ನಿಂತಿದ್ರಿ. ಒಂದು ಸಾಲು ಬರದು ಸಹಿ ಮಾಡಿ ಕೊಡತೀರೋ ಇಲ್ಲೋ? ಹೂವು ಬ್ಯಾಡ್ರಿ, ಹೂಂ ಅಥವಾ ಊಹೂಂ ಅಷ್ಟ ಹೇಳ್ರಿ.