ಇತಿಹಾಸದ ಮೇಷ್ಟ್ರ ಬಟ್ಟೆ ಸೋಪು

ಮನೆ ಗಲೀಜಾಗಬೇಕು ಅಂತ ನಿಮಗೆ ನಿಜವಾಗಿಯೂ ಆಸೆ ಇದ್ದರೆ, ಮನೆಯಲ್ಲೇ ಸೋಪು ಮಾಡಿ. ಮಕ್ಕಳ ಕೈಗೆ ಬಣ್ಣದ ಡಬ್ಬಿ ಕೊಟ್ಟರೂ, ಮಳೆಗಾಲದಲ್ಲಿ ನಾಯಿಯನ್ನು ನಡುಮನೆಗೆ ಬಿಟ್ಟರೂ ಇಷ್ಟು ಗಲೀಜು ಆಗುವುದಿಲ್ಲ. ತಿಪಟೂರಿನ ಹತ್ತಿರ ಇರುವ ನಮ್ಮ ಸೋದರಮಾವನ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಮೂಗಾರೆ ಕೂಡ.

ಮಾವ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಸೋಪಿನ ಇತಿಹಾಸ ಅವರಿಗೆ ಪೂರ್ತಿ ಗೊತ್ತು. ಕೆಮಿಸ್ಟ್ರಿ ಒಂದು ಗೊತ್ತಿಲ್ಲ.

ಶುರುವಾಗಿದ್ದು ಅಟ್ಟದಿಂದ. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚೂಕಡಿಮೆ ವರ್ಷ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪು ಬಿಟ್ಟುಕೊಂಡು, ಅಲ್ಲಾಡಿಸಿದರೆ ಗೊಟಗೊಟ ಅನ್ನುತ್ತದೆ. ಒಡೆದರೆ ಉಂಡೆ ಕೊಬ್ಬರಿ. ಆದರೆ ಎಲ್ಲವೂ ಚೆನ್ನಾಗಿ ಬರುವುದಿಲ್ಲ. ಕೆಲವು ಕೌಟು ಹಿಡಿಯುತ್ತವೆ, ಕೆಲವಕ್ಕೆ ಬೂಸ್ಟು. ಅಂಥ ಮಾಲಿಗೆ ಮಂಡಿಯಲ್ಲಿ ಹೇಳುವ ಬೆಲೆ ಕೇಳಿದರೆ ಅಳು ಬರುತ್ತೆ. ಆ ವರ್ಷ ಮಾವನ ಅಟ್ಟದಲ್ಲಿ ಅಂಥದ್ದೇ ಜಾಸ್ತಿ. ರೋಸಿಹೋಗಿ ಎಲ್ಲವನ್ನೂ ಗಾಣಕ್ಕೆ ಹಾಕಿಸಿದರು. ಡಬ್ಬಗಟ್ಟಲೆ ಎಣ್ಣೆ ಬಂತು. ಅಡುಗೆಗೆ ಹಾಕಲು ಅತ್ತೆ ಒಪ್ಪಲಿಲ್ಲ. ತಲೆಗೆ ಹಚ್ಚಿಕೊಳ್ಳಲು ಯಾರೂ ಒಪ್ಪಲಿಲ್ಲ.

“ಹಾಗಾದ್ರೆ ಬಟ್ಟೆಗೆ ಹಚ್ಚೋಣ” ಅಂದರು ಮಾವ. ಹಿಂದೆಯೇ ಪಾಠ ಶುರುವಾಯಿತು. “ಮೊದಲನೇ ಮಹಾಯುದ್ಧ. ಗಂಧದ ಮರ ಯುರೋಪಿಗೆ ಹೋಗೋದು ನಿಂತುಹೋಯ್ತು. ಮಾಲು ಇಲ್ಲೇ ರಾಶಿ ಬಿತ್ತು. ಮಹಾರಾಜರು ಕೈಕಟ್ಟಿ ಕೂತ್ರಾ? 1916ರಲ್ಲಿ ಮೈಸೂರಲ್ಲಿ ಗಂಧದೆಣ್ಣೆ ಕಾರ್ಖಾನೆ ಆಯ್ತು. ಆಮೇಲೆ ಬೆಂಗಳೂರಲ್ಲಿ ಸೋಪಿನ ಕಾರ್ಖಾನೆ. ನಮ್ಮ ಅಟ್ಟದ ಪರಿಸ್ಥಿತೀನೂ ಈಗ ಅದೇ. ಆ ಸೋಪು ಕಲಿಯೋಕೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿದ್ರು ಗೊತ್ತಾ?”

“ನೀವೂ ಹೋಗಿ ಬನ್ನಿ” ಅಂದರು ಅತ್ತೆ. ಅವರ ದನಿಯಲ್ಲಿ ಆಸೆ ಇತ್ತು.

ಮಾವನ ಎರಡನೇ ದೇವರು ನಿರ್ಮಾದ ಕರ್ಸನ್‌ಭಾಯ್ ಪಟೇಲ್. 1969ರಲ್ಲಿ ಅಹಮದಾಬಾದಿನಲ್ಲಿ ಮನೆ ಹಿತ್ತಲಲ್ಲೇ ಪುಡಿ ಕಲಸಿ, ಸೈಕಲ್ ಮೇಲೆ ಮನೆ ಮನೆಗೆ ಮಾರಿ, ದೊಡ್ಡ ದೊಡ್ಡ ಕಂಪನಿಗಳ ನಿದ್ದೆ ಕೆಡಿಸಿದವರು. ಮಗಳ ಹೆಸರನ್ನೇ ಪುಡಿಗೆ ಇಟ್ಟವರು. ಪಟೇಲರು ಕೆಮಿಸ್ಟ್ರಿ ಓದಿದ ಪದವೀಧರರು ಅನ್ನುವ ಭಾಗವನ್ನು ಮಾವ ಪಾಠದಿಂದ ಕೈಬಿಟ್ಟಿದ್ದರು. ಹೆಸರಿನ ಭಾಗ ಮಾತ್ರ ಬಹಳ ಹಿಡಿಸಿತ್ತು. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಮಗಳು ಫೋನಿನಲ್ಲೇ ಹೇಳಿಬಿಟ್ಟಳು: “ಅಪ್ಪ, ಸೋಪಿಗೆ ನನ್ನ ಹೆಸರಿಟ್ರೆ ದೀಪಾವಳಿಗೆ ಊರಿಗೆ ಬರಲ್ಲ.”

ಸೋಪು ಮಾಡುವುದು ಹೇಳಲು ಸುಲಭ. ಎಣ್ಣೆ, ಕಾಸ್ಟಿಕ್ ಸೋಡಾ, ನೀರು. ಮೂರೂ ಸೇರಿದರೆ ಎಣ್ಣೆ ಒಡೆದು ಸೋಪು ಮತ್ತು ಗ್ಲಿಸರಿನ್ ಆಗುತ್ತದೆ. ತೊಂದರೆ ಇರುವುದು ಅಳತೆಯಲ್ಲಿ. ಒಂದೊಂದು ಎಣ್ಣೆಗೆ ಒಂದೊಂದು ಲೆಕ್ಕ. ಒಂದು ಕೆಜಿ ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು. ಅದೇ ಹರಳೆಣ್ಣೆಗಾದರೆ 130 ಗ್ರಾಂ ಕೂಡ ಬೇಡ. ಜಾಸ್ತಿಯಾದರೆ ಕಾಸ್ಟಿಕ್ ಸೋಪಿನಲ್ಲೇ ಉಳಿದು ಕೈ ಸುಡುತ್ತೆ. ಕಡಿಮೆಯಾದರೆ ಎಣ್ಣೆ ಉಳಿದು ಬಟ್ಟೆಯೆಲ್ಲ ಜಿಡ್ಡು. ಮಾವ ಅಳತೆಗೆ ಇಟ್ಟುಕೊಂಡಿದ್ದು ಕಾಫಿ ಲೋಟ.

ಇನ್ನೆರಡು ಕಟ್ಟುನಿಟ್ಟಿನ ನಿಯಮ ಇವೆ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಸರಿಯಾಗಿ ಮಾಡಿದರೂ ಒಲೆಯೇ ಇಲ್ಲದೆ ನೀರು ಕುದಿಯುವ ಹತ್ತಿರಕ್ಕೆ ಹೋಗುತ್ತದೆ, ಉಲ್ಟಾ ಮಾಡಿದರೆ ಸಿಡಿಯುತ್ತದೆ. ಎರಡನೆಯದು, ಅಲ್ಯೂಮಿನಿಯಂ ಪಾತ್ರೆ ಮುಟ್ಟಲೇಬಾರದು. ಕಾಸ್ಟಿಕ್ ಅಲ್ಯೂಮಿನಿಯಂ ತಿನ್ನುತ್ತದೆ, ತಿನ್ನುತ್ತಾ ಹೈಡ್ರೋಜನ್ ಬಿಡುತ್ತದೆ. ಮಾವ ಎರಡೂ ನಿಯಮಗಳನ್ನು ಒಂದೇ ಬೆಳಗ್ಗೆ, ಒಂದೇ ಪಾತ್ರೆಯಲ್ಲಿ ಮುರಿದರು. ಪಾತ್ರೆ ಅತ್ತೆಯ ತವರಿನಿಂದ ಬಂದ ಅಲ್ಯೂಮಿನಿಯಂ ಡಬರಿ.

ಅತ್ತೆ ಹಟ ಮಾಡಿ ಮಾವನ ತಲೆಗೆ ನನ್ನ ಹೆಲ್ಮೆಟ್ ಹಾಕಿಸಿದ್ದು ಪುಣ್ಯ. ಮಾವ ಡಬರಿಯಲ್ಲಿ ಕಾಸ್ಟಿಕ್ ಬಿಲ್ಲೆಗಳನ್ನು ಸುರಿದು, ಮೇಲಿಂದ ಚೊಂಬಿನಲ್ಲಿ ನೀರು ಬಿಟ್ಟರು. ಬುಸ್ ಅಂತ ಹಬೆ ಎದ್ದಿತು. ಹನಿಗಳು ಹೆಲ್ಮೆಟ್ಟಿನ ಗಾಜಿಗೆ ಹಾರಿದವು. ಅಷ್ಟರಲ್ಲಿ ಡಬರಿ ತಾನೇ ಕುದಿಯಲು ಶುರು ಮಾಡಿತು. ಬೂದು ನೊರೆ ಉಕ್ಕಿತು, ಒಳಮೈ ಕಪ್ಪಾಯಿತು. ನೊರೆ ಒಡೆಯುವಾಗ ಬರುತ್ತಿದ್ದದ್ದು ಬೆಂಕಿ ಕಂಡರೆ ಹೊತ್ತಿಕೊಳ್ಳುವ ಗಾಳಿ. ಪಕ್ಕದಲ್ಲೇ ಬಚ್ಚಲ ಒಲೆ ಉರಿಯುತ್ತಿತ್ತು. “ಮಾವ, ಹೈಡ್ರೋಜನ್!” ಅಂತ ನಾನು ಕೂಗಿದೆ. ಹೆಲ್ಮೆಟ್ ಒಳಗಿಂದ ಅವರು “ಏನು, ಹೈದರಾಬಾದಾ?” ಅಂದರು. ಹೈಡ್ರೋಜನ್ ಏನು ಅಂತ ಅತ್ತೆಗೂ ಗೊತ್ತಿಲ್ಲ, ಆದರೆ ನನ್ನ ಮುಖ ನೋಡಿದರು. ಸೀದಾ ಹೋಗಿ ಒಲೆಗೆ ಎರಡು ಬಕೆಟ್ ನೀರು ಸುರಿದರು. ಬೂದಿ, ಹೊಗೆ, ನೊರೆ, ಹಬೆ, ಇವುಗಳ ನಡುವೆ ಹೆಲ್ಮೆಟ್ ಹಾಕಿಕೊಂಡ ನಿವೃತ್ತ ಉಪನ್ಯಾಸಕರು. ಆವತ್ತು ಯಾರಿಗೂ ಸ್ನಾನಕ್ಕೆ ಬಿಸಿನೀರಿಲ್ಲ. ಡಬರಿಯ ತಳದಲ್ಲಿ ಬೆಳಕು ಕಾಣುತ್ತಿತ್ತು. ಈಗ ಅದರಲ್ಲಿ ದೊಡ್ಡಪತ್ರೆ ಗಿಡ ಇದೆ. ನೀರು ಬಸಿಯಲು ಬೇರೆ ತೂತು ಕೊರೆಯುವ ಅಗತ್ಯ ಬೀಳಲಿಲ್ಲ.

ಆಮೇಲೆ ಸ್ಟೀಲ್ ಪಾತ್ರೆ ಬಂತು, ಕಾಫಿ ಲೋಟ ಹೋಗಲಿಲ್ಲ. ಒಂದು ಸಲ ಕಾಸ್ಟಿಕ್ ಜಾಸ್ತಿಯಾಗಿ ಮಾವನ ಬನಿಯನ್ನು ಒಗೆದ ಕಡೆ ಹಿಂಜಿ ಬಂತು. ಅತ್ತೆಯ ಬೆರಳ ತುದಿ ಸಿಪ್ಪೆ ಎದ್ದಿತು. ಮುಂದಿನ ಸಲ ಹೆದರಿ ಕಡಿಮೆ ಹಾಕಿದರು. ಆ ಸೋಪು ಗಟ್ಟಿಯಾಗಲೇ ಇಲ್ಲ. ಬೆಳ್ಳಗೆ, ಮೆತ್ತಗೆ, ಚೌಕ ಚೌಕವಾಗಿ ತಟ್ಟೆಯಲ್ಲಿ ಕೂತಿತ್ತು, ನೋಡಲು ಥೇಟ್ ಕೊಬ್ಬರಿ ಮಿಠಾಯಿ. ಈಗ ಯಾರೋ ನೆಂಟರು ಬಂದು ಬಾಯಿಗೆ ಹಾಕಿಕೊಂಡರು ಅಂತ ಬರೆಯುತ್ತೇನೆ ಅಂದುಕೊಂಡಿರಿ ಅಲ್ವಾ? ಯಾರೂ ತಿನ್ನಲಿಲ್ಲ. ಕೌಟು ವಾಸನೆ ಗೇಟಿನ ತನಕ ಹೊಡೆಯುತ್ತಿತ್ತು. ತಿಂದದ್ದು ಇಲಿ. ಬೇರೆ ದಿನ ಅಟ್ಟದ ಮೇಲೆ ಇರುತ್ತಿದ್ದ ಇಲಿಗಳು ಹಿತ್ತಲಿಗೆ ಸಂಸಾರ ಸಮೇತ ಇಳಿದು ಬಂದವು.

ಮತ್ತೊಂದು ಸಲ ಅಳತೆ ಹೇಗೋ ಸರಿ ಬಿತ್ತು. ಆದರೆ ಬರೀ ಕೊಬ್ಬರಿ ಎಣ್ಣೆಯ ಸೋಪು ಬಲು ಬೇಗ ಕಲ್ಲಾಗುತ್ತದೆ. ಅಚ್ಚಿಗೆ ಹೊಯ್ದ ಕೆಲವೇ ಗಂಟೆಗಳಲ್ಲಿ ತುಂಡು ಮಾಡಬೇಕು. ಮಾವ ಟಬ್ಬಿಗೆ ಹೊಯ್ದು ಅರಸೀಕೆರೆಗೆ ಮದುವೆಗೆ ಹೋದರು. ಮಾರನೇ ದಿನ ಬಂದು ನೋಡಿದರೆ ಬಂಡೆ. ಚಾಕು ಬಾಗಿತು, ಗರಗಸ ಜಾರಿತು. ಕೊನೆಗೆ ಕಾಯಿ ಕೀಳುವ ಆಳು ಮಚ್ಚು ತಂದು ಒಂದೇ ಏಟು ಹಾಕಿದ. ಸೋಪು ಹತ್ತು ದಿಕ್ಕಿಗೆ ಚೂರಾಗಿ ಹಾರಿತು. ಒಂದು ಚೂರು ನೀರಿನ ತೊಟ್ಟಿಗೆ ಬಿದ್ದು, ಸಂಜೆ ಎಮ್ಮೆ ಆ ನೀರನ್ನು ಮೂಸಿ ನೋಡಿ ಮುಖ ತಿರುಗಿಸಿತು.

ಅಷ್ಟಾದರೂ ಆ ಚೂರುಗಳಲ್ಲಿ ಬಟ್ಟೆ ಒಗೆಯಬಹುದಿತ್ತು. ಒಗೆದರು ಕೂಡ. ಅಲ್ಲಿ ಬೋರ್‌ವೆಲ್ ನೀರು ಅಡ್ಡ ಬಂತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಸೋಪನ್ನು ಹಿಡಿದುಕೊಂಡು ಕರಗದ ಬಿಳಿ ಗಷ್ಟಾಗಿ ಬಟ್ಟೆಗೆ ಅಂಟುತ್ತವೆ. ಡಿಟರ್ಜೆಂಟಿಗೆ ಈ ತಾಪತ್ರಯ ಇಷ್ಟಿಲ್ಲ. ಮಾವನ ಬಿಳಿ ಪಂಚೆಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದವು. ಅವರು ಸೋಲಲಿಲ್ಲ, ಇನ್ನೊಂದು ಯುದ್ಧಪಾಠ ತೆಗೆದರು. ಅದೇ ಮಹಾಯುದ್ಧದಲ್ಲಿ ಜರ್ಮನಿಯಲ್ಲಿ ಕೊಬ್ಬಿಗೆ ಬರ ಬಂದು, ಎಣ್ಣೆ ಕೊಬ್ಬು ಇಲ್ಲದೆ ತೊಳೆಯುವ ರಾಸಾಯನಿಕ ಹುಡುಕಿದರಂತೆ. “ನಾವೂ ಡಿಟರ್ಜೆಂಟ್ ಬಾರ್ ಮಾಡೋಣ.” ಮನೆ ತುಂಬ ಎಣ್ಣೆ ಇರುವಾಗ ಎಣ್ಣೆ ಬೇಡದ ಸೋಪು ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಎರಡನೇ ಮಹಾಯುದ್ಧ ಬರುತ್ತಿತ್ತು.

ಬೆಂಗಳೂರಿನಿಂದ ಆಸಿಡ್ ಸ್ಲರಿ ಕ್ಯಾನ್ ತರುವ ಕೆಲಸ ನನ್ನ ಪಾಲಿಗೆ ಬಂತು. ಹಳೇ ಬೆಲ್ಲದ ಪಾಕದ ಹಾಗೆ ಕಂದು ಬಣ್ಣದ, ಮಂದ ದ್ರವ. ನೊರೆ ಕೊಡುವ ಮುಖ್ಯ ಸರಕು ಇದೇ, ಆದರೆ ಮೂಲದಲ್ಲಿ ಆಸಿಡ್. ಅದಕ್ಕೆ ಬಟ್ಟೆ ಸೋಡಾ ಹಾಕಿ ಹುಳಿ ತೆಗೆಯಬೇಕು, ಆಗ ಕಾರ್ಬನ್ ಡೈಆಕ್ಸೈಡ್ ಬುಳುಬುಳು ಏಳುತ್ತದೆ. ನಿಧಾನವಾಗಿ ಹಾಕಬೇಕಾದ ಸೋಡಾವನ್ನು ಮಾವ ಒಂದೇ ಸಲ ಬಗ್ಗಿಸಿದರು. ಟಬ್ಬಿನಿಂದ ಉಬ್ಬಿ ಬಂದದ್ದು ಅಂಗಳ ದಾಟಿ ತುಳಸಿಕಟ್ಟೆ ಸುತ್ತಿತು. ಉಳಿದದ್ದಕ್ಕೆ ಚೈನಾ ಕ್ಲೇ ಅನ್ನುವ ಬಿಳಿ ಜೇಡಿಮಣ್ಣು, ಇನ್ನಷ್ಟು ಸೋಡಾ ಬೆರೆಸಿ ನಾದಿದೆವು.

ಕಾರ್ಖಾನೆಯಲ್ಲಿ ಈ ಮುದ್ದೆಯನ್ನು ಪ್ಲಾಡರ್ ಅನ್ನುವ ಯಂತ್ರದಲ್ಲಿ ಒತ್ತಿ, ಉದ್ದುದ್ದ ಪಟ್ಟಿ ತೆಗೆದು, ಕತ್ತರಿಸಿ ಮುದ್ರೆ ಹಾಕುತ್ತಾರೆ. ಮಾವ ಪ್ಲಾಡರ್ ಎಲ್ಲಿ ತರುತ್ತಾರೆ? ಅತ್ತೆ ಸಂತೆಗೆ ಹೋಗಿದ್ದ ಹೊತ್ತು ನೋಡಿ ಹಿತ್ತಾಳೆಯ ಚಕ್ಕುಲಿ ಒರಳು ತೆಗೆದರು. ಬಿಲ್ಲೆ ಬದಲಾಯಿಸುವುದು ಮರೆತರು. ಅಷ್ಟೂ ಡಿಟರ್ಜೆಂಟ್ ಮುಳ್ಳು ಮುಳ್ಳಾಗಿ ಚಕ್ಕುಲಿಯಾಗಿ ಇಳಿಯಿತು. ಹಾಳೆ ಹಾಸಿ ಸಾಲಾಗಿ ಒಣಗಿಸಿದರು. ಹುಳಿ ಪೂರ್ತಿ ಸತ್ತಿರಲಿಲ್ಲ ಅನ್ನುವುದಕ್ಕೆ ಒರಳೇ ಸಾಕ್ಷಿ. ಅಷ್ಟು ವರ್ಷದಲ್ಲಿ ಅದು ಆ ಪರಿ ಹೊಳೆದದ್ದು ಯಾರೂ ನೋಡಿಲ್ಲ. ನಾನು ಕಂಡ ಹಾಗೆ ಮಾವನ ಸೋಪು ಸ್ವಚ್ಛ ಮಾಡಿದ ಮೊದಲ ವಸ್ತು ಅದು, ಅದೂ ಸೋಪು ಆಗುವ ಮೊದಲೇ. ಅತ್ತೆ ಒರಳನ್ನು ತೊಳೆದರು, ಮತ್ತೆ ತೊಳೆದರು, ಬೂದಿ ಹಾಕಿ ಉಜ್ಜಿದರು. ಗೋಕುಲಾಷ್ಟಮಿಯ ದಿನ ಬಾಣಲೆಗೆ ಮೊದಲ ಚಕ್ಕುಲಿ ಬಿಟ್ಟಾಗ ಎಣ್ಣೆ ತುಂಬ ನೊರೆ. ಕೃಷ್ಣನಿಗೆ ಆ ಸಲ ಅವಲಕ್ಕಿ ಸಾಕಾಯಿತು.

ಪಾತ್ರೆ ತೊಳೆಯುವ ಬಾರ್ ಮಾಡಿದ ಕತೆ ಇನ್ನೂ ದುಬಾರಿ. ಅಂಗಡಿಯ ಪಾತ್ರೆ ಸೋಪಿನಲ್ಲಿ ಬಹುಪಾಲು ಕಲ್ಲಿನ ಪುಡಿಯೇ, ಸುಣ್ಣದ ಜಾತಿಯ ಮೆತ್ತನೆ ಕಲ್ಲು. ರಂಗೋಲಿ ಪುಡಿಯೂ ಕಲ್ಲಿನ ಪುಡಿಯೇ ತಾನೆ ಅಂತ ಮಾವ ಎರಡು ಸೇರು ತಂದು ಸುರಿದರು. ರಂಗೋಲಿಯಲ್ಲಿ ಜಾತಿ ಬೇರೆ ಬೇರೆ. ಆ ಸುಣ್ಣದ ಜಾತಿಯ ನುಣುಪಾದ ಕ್ಯಾಲ್ಸೈಟ್ ಆಗಿದ್ದರೆ ಗಡಸುತನದ ಅಳತೆಯಲ್ಲಿ ಅದು 3, ಸ್ಟೀಲಿಗೆ ಏನೂ ಆಗುತ್ತಿರಲಿಲ್ಲ. ಇವರು ತಂದದ್ದು ಬೆಣಚುಕಲ್ಲಿನದು, ಅದು 7. ಸ್ಟೀಲನ್ನು ಗೀಚುತ್ತದೆ.

ನಮ್ಮಲ್ಲಿ ಮದುವೆಗೆ ಕೊಟ್ಟ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೊರೆಸಿರುತ್ತಾರಲ್ಲ. ಅತ್ತೆಗೆ ಅದು ಬರೀ ಹೆಸರಲ್ಲ, ಲೆಕ್ಕದ ಪುಸ್ತಕ. ಯಾರು ತಂಬಿಗೆ ಕೊಟ್ಟರು, ಯಾರು ಲೋಟದಲ್ಲಿ ಮುಗಿಸಿದರು, ಅವರ ಮನೆಯ ಮದುವೆಗೆ ನಾವೇನು ಕೊಡಬೇಕು, ಎಲ್ಲ ಅದರ ಮೇಲೆಯೇ ನಿಂತಿರುವುದು. ಒಂದು ವಾರ ಮಾವನ ಬಾರಿನಲ್ಲಿ ಉಜ್ಜಿದ ಮೇಲೆ ಆ ಹೆಸರುಗಳೆಲ್ಲ ಗೀರುಗಳ ನಡುವೆ ಕಳೆದುಹೋದವು. “ಇತಿಹಾಸದ ಮೇಷ್ಟ್ರು ನೋಡಿ, ಮನೆಯ ದಾಖಲೆ ಎಲ್ಲ ಅಳಿಸಿದ್ರು” ಅಂತ ಅತ್ತೆ ಬಂದವರಿಗೆಲ್ಲ ತಟ್ಟೆ ತೋರಿಸಿದರು. ಮಾವ ಉತ್ತರ ಕೊಡದ ಏಕೈಕ ಸಂದರ್ಭ ಅದು.

ಆಮೇಲೆ ಅತ್ತೆ ಸುಮ್ನೆ ಕೂರಲಿಲ್ಲ. ಉಳಿದ ಎಣ್ಣೆ ಮನೆಯಲ್ಲಿ ಇರುವ ತನಕ ಈ ಮನುಷ್ಯ ಬಿಡುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಮಗಳು ಕೇಕ್ ಮಾಡಲು ತಂದಿಟ್ಟಿದ್ದ ಎಲೆಕ್ಟ್ರಾನಿಕ್ ತಕ್ಕಡಿ ತೆಗೆದರು. ಎಣ್ಣೆ ಒಂದು ಕೆಜಿ, ಕಾಸ್ಟಿಕ್ 180 ಗ್ರಾಂ, ಹಿಡಿದಿಟ್ಟ ಮಳೆನೀರು 400 ಗ್ರಾಂ. ನೀರಿಗೆ ಕಾಸ್ಟಿಕ್, ಆರಿದ ಮೇಲೆ ಎಣ್ಣೆಗೆ ಆ ನೀರು. ಮಾವನನ್ನು ಎಣ್ಣೆ ಅಳೆಯುವಾಗ ಪೇಪರ್ ತರಲು ಕಳಿಸಿದರು, ಹೊಯ್ಯುವಾಗ ಹಾಲು ತರಲು ಕಳಿಸಿದರು. ಸಂಜೆಯೇ ಬಾರ್ ಬಾರಾಗಿ ಕತ್ತರಿಸಿ, ಇಲಿ ಹತ್ತದ ಹಾಗೆ ತಂತಿ ಬುಟ್ಟಿಯಲ್ಲಿ ನೇತುಹಾಕಿ, ತಿಂಗಳ ಮೇಲೆ ಆರಲು ಬಿಟ್ಟರು.

ಚೆನ್ನಾಗಿತ್ತು. ಮಳೆನೀರಿನಲ್ಲಿ ಒಗೆದರೆ ಒಳ್ಳೆ ನೊರೆ. ಕೌಟು ವಾಸನೆ ಪೂರ್ತಿ ಹೋಗಿರಲಿಲ್ಲ, ಆದರೆ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುವಷ್ಟೂ ಇರಲಿಲ್ಲ. ಮಾವ ಕೂಡಲೇ ಕಾಗದ ತೆಗೆದು ಲೆಕ್ಕ ಹಾಕಿದರು. ಎಣ್ಣೆ, ಕಾಸ್ಟಿಕ್, ಹೋದ ಡಬರಿ, ನನ್ನ ಹೆಲ್ಮೆಟ್ಟಿನ ಗಾಜು ಎಲ್ಲ ಸೇರಿಸಿ ಹಂಚಿದರೆ ಒಂದು ಬಾರಿಗೆ ಬಿದ್ದ ಖರ್ಚಿನಲ್ಲಿ ಗಂಧದ ಸೋಪು ಡಜನ್‌ಗಟ್ಟಲೆ ಬರುತ್ತಿತ್ತು. ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಒಗೆಯುವ ಕಲ್ಲಿನ ಮೇಲಿಟ್ಟ ಒಂದು ಬಾರನ್ನು ಕಾಗೆ ಹೊತ್ತುಕೊಂಡು ಹೋಯಿತು. ಕಾಗೆಗೆ ಸೋಪು ಕಂಡರೆ ಮೊದಲಿಂದಲೂ ಆಸೆ, ಅದರಲ್ಲೂ ಇದು ಕೊಬ್ಬರಿಯದು. ಮಾವ ಅಂಗಳದಲ್ಲಿ ನಿಂತು ಅದಕ್ಕೆ ಬಯ್ಯುತ್ತಿದ್ದರೆ ಅತ್ತೆ, “ಹೋಗ್ಲಿ ಬಿಡಿ, ಒಬ್ಬರಾದ್ರೂ ಇಷ್ಟಪಟ್ರಲ್ಲ” ಅಂದರು.

ವಾರ ಕಳೆದು ಹಿಂದಿನ ಬೀದಿಯವರು ಗೇಟಿನ ಹತ್ತಿರ ಬಂದು ನಿಂತರು. ಮಾವ ಎಂದಿನಂತೆ ಯಾವುದೋ ದೂರು ಅಂತ ಒಳಗೆ ಸರಿಯಲು ನೋಡಿದರು. ದೂರಲ್ಲ. ಅವರ ಹಿತ್ತಲಲ್ಲಿ ಕಾಗೆ ಒಂದು ಸೋಪು ಬೀಳಿಸಿ ಹೋಯಿತಂತೆ. ಅವರ ಹೆಂಡತಿ ಕೊಕ್ಕಿನ ಗುರುತು ಕೆರೆದು ಬಟ್ಟೆ ಒಗೆದರಂತೆ. ಕಾಲರಿನ ಕೊಳೆ ಎಲ್ಲ ಹೋಗಿದೆಯಂತೆ. ಇನ್ನೊಂದು ಇದೆಯಾ ಅಂತ ಕೇಳಲು ಬಂದಿದ್ದರು.

ಮಾವನ ಮುಖ ನೋಡಬೇಕಿತ್ತು. ಒಳಗೆ ಹೋಗಿ ಒಂದು ಬಾರನ್ನು ಹಾಳೆಯಲ್ಲಿ ಸುತ್ತಿ ತಂದರು, ಜೇಬಿನ ಕಾಗದ ಬಿಚ್ಚಿದರು, ನೆರೆಹೊರೆಯವರು ಅಂತ ಅರ್ಧಕ್ಕರ್ಧ ಇಳಿಸಿ ಬೆಲೆ ಹೇಳಿದರು.

ಆತ ಸೋಪನ್ನು ಮೆಲ್ಲಗೆ ವಾಪಸ್ ಕೊಟ್ಟು ಅಂದ: “ಕಾಗೆ ಬಿಟ್ಟಿ ಕೊಟ್ಟಿತ್ತಲ್ಲ ಸಾರ್.”